ನೋಹನ ನಾದಿನಿ

ಡಾರ್ಕಸ್ ಆರ್ಮರಾಡ್ ಹ್ಯಾಲಿಫ್ಯಾಕ್ಸಿನ ಭಾವನ ಮನೆಗೆ ಬಂದದ್ದು ಎರಡೇ ವಾರದ ಮಟ್ಟಿಗೆ. ಅಕ್ಕ ಬಾಣಂತನದಲ್ಲಿ ತೀರಿಕೊಂಡಿದ್ದಳು, ತೊಟ್ಟಿಲಲ್ಲಿ ಕೂಸು ಅರಚುತ್ತಿತ್ತು. ಭಾವ ಈನಕ್ ಸಟ್‌ಕ್ಲಿಫ್ ಅವರು ಕಪ್ಪು ಕೋಟು ತೊಟ್ಟು ಬೆಂಕಿಗೂಡಿನ ಮುಂದೆ ನಿಂತು, "ಸರಿಯಾದ ಒಂದು ಏರ್ಪಾಟು ಆಗೋವರೆಗೆ ನೀನಿದ್ರೆ ಅನುಕೂಲ" ಎಂದಿದ್ದರು. ಸರಿಯಾದ ಏರ್ಪಾಟು ಆಗುವಷ್ಟರಲ್ಲಿ ಕೂಸಿಗೆ ಎಂಟು ವರ್ಷ ತುಂಬಿತು. ಉಣ್ಣೆ ವ್ಯಾಪಾರದಲ್ಲಿ ಈನಕ್ ಅವರಷ್ಟು ಚುರುಕಿನ ಮನುಷ್ಯ ಊರಲ್ಲಿ ಇನ್ನೊಬ್ಬನಿರಲಿಲ್ಲ. ಆದರೆ ಬಿಟ್ಟಿಯಾಗಿ ನಡೆದುಹೋಗುತ್ತಿರುವ ಕೆಲಸಕ್ಕೆ ಅವಸರ ಮಾಡಬಾರದೆಂಬ ತಿಳಿವಳಿಕೆಯೂ ಅವರಿಗಿತ್ತು.

ಆ ಮನೆಯಲ್ಲಿ ಡಾರ್ಕಸ್ ಯಾರು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮನೆಯೊಡತಿ ಎನ್ನೋಣವೆಂದರೆ ಊಟದ ಮೇಜಿನ ತುದಿಯ ಕುರ್ಚಿಯಲ್ಲಿ ಅವಳನ್ನು ಎಂದೂ ಕೂರಿಸಿರಲಿಲ್ಲ. ಕೆಲಸದವಳು ಎನ್ನೋಣವೆಂದರೆ ಕೆಲಸದವರಿಗೆ ಸಂಬಳವಿತ್ತು, ಆಗೊಮ್ಮೆ ಈಗೊಮ್ಮೆ ರಜವೂ ಇತ್ತು. ಹೆಂಡತಿ ಸತ್ತವನು ಅವಳ ತಂಗಿಯನ್ನು ಮದುವೆಯಾಗಕೂಡದು ಎಂದು ದೇಶದ ಕಾನೂನೇ ಇದ್ದುದರಿಂದ ಊರ ಹೆಂಗಸರ ಬಾಯಿಗೂ ಕೆಲಸವಿರಲಿಲ್ಲ. ಡಾರ್ಕಸ್‌ಗೆ ಆ ಕಾನೂನಿನ ಮೇಲೆ ಬಹಳ ಗೌರವ. ಭಾವ ಸೊರ್ರೆಂದು ಸೂಪು ಹೀರುವುದನ್ನು ಕೇಳಿದಾಗಲೆಲ್ಲ ಪಾರ್ಲಿಮೆಂಟಿನಲ್ಲಿ ಕೂತವರು ನಿಜಕ್ಕೂ ಬುದ್ಧಿವಂತರು ಎಂದುಕೊಳ್ಳುತ್ತಿದ್ದಳು.

ಅವಳ ರಾಜ್ಯವೆಲ್ಲ ಮಹಡಿಯ ಮೇಲಿನ ಮಕ್ಕಳ ಕೋಣೆ, ಆ ರಾಜ್ಯದ ಖಜಾನೆ ಆಟಿಕೆಗಳ ಕಪಾಟು. ಅದರಲ್ಲಿ ಲಂಡನ್ನಿನಿಂದ ತರಿಸಿದ ಮೇಣದ ಗೊಂಬೆಯಿತ್ತು. ಬೆಂಕಿಯ ಹತ್ತಿರ ಇಟ್ಟರೆ ಮೂಗು ಕರಗುತ್ತದೆ, ಕೈಯಲ್ಲಿ ಹಿಡಿದರೆ ಕೊಳೆಯಾಗುತ್ತದೆ ಎಂದು ಅದನ್ನು ದೂರದಿಂದ ನೋಡಿ ಸಂತೋಷಪಡಬೇಕೆಂಬ ಅಪ್ಪಣೆಯಾಗಿತ್ತು. ಒಳಗೆ ಚಿತ್ರಗಳ ಪಟ್ಟಿ ಅಂಟಿಸಿದ ಒಂದು ಡಬ್ಬಿಯಿತ್ತು. ಅದನ್ನು ಗರಗರ ತಿರುಗಿಸಿ ಸಂದಿಯಿಂದ ಇಣುಕಿದರೆ ಕುದುರೆ ಓಡುತ್ತಿತ್ತು, ಓಡಿ ಓಡಿ ಇದ್ದಲ್ಲೇ ಇರುತ್ತಿತ್ತು. ಡಾರ್ಕಸ್‌ಗೆ ಆ ಕುದುರೆಯನ್ನು ಕಂಡರೆ ಒಂಥರಾ ನಂಟಸ್ತಿಕೆ.

ಈ ಮನೆಯಲ್ಲಿ ಆಟಿಕೆಗಳಿಗೂ ನೀತಿನಿಯಮವಿತ್ತು. ದಾಳ ಕೂಡದು, ದಾಳವೆಂದರೆ ಜೂಜು. ಅದರ ಬದಲು ಮೈಮೇಲೆ ಅಂಕಿ ಬರೆದ ಬುಗುರಿಯನ್ನು ತಿರುಗಿಸಿ, ಅದು ಒರಗಿ ತೋರಿಸಿದಷ್ಟು ಮನೆ ನಡೆಯಬೇಕು. ಹಾಗೆ ಮಾಡಿದರೆ ಅದು ಜೂಜಲ್ಲ, ಸದಭ್ಯಾಸ. ಆಟದ ಹಾಸಾದರೂ ಎಂಥದು? ಸುಳ್ಳು ಹೇಳಿದವನು ಚಾಟಿ ಕಂಬಕ್ಕೆ, ಸೋಮಾರಿಯಾದವನು ಸೆರೆಮನೆಗೆ, ದಾನ ಮಾಡಿದವನು ನೇರ ಮುಂದಕ್ಕೆ. ಕೂಸಾಗಿ ಅರಚುತ್ತಿದ್ದ ಫೀಬಿ ಈಗ ಎರಡು ಜಡೆಯ ಹುಡುಗಿ; ಅಣ್ಣ ಹ್ಯೂಬರ್ಟ್ ಬೋರ್ಡಿಂಗ್ ಶಾಲೆಗೆ ಹೋದ ಮೇಲೆ ಕೋಣೆಯೆಲ್ಲ ಅವಳದೇ. ಅವಳು ಆಡಿದಾಗಲೆಲ್ಲ ಚಾಟಿ ಕಂಬಕ್ಕೇ ಹೋಗುತ್ತಿದ್ದಳು, ಅಲ್ಲಿಂದ ಊರು ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದಳು.

ಭಾನುವಾರ ಬಂತೆಂದರೆ ಎಲ್ಲಕ್ಕೂ ಬೀಗ. ದೇವರ ದಿನ ಆಟವಾಡಕೂಡದು. ಕಪಾಟಿನಿಂದ ಹೊರಗೆ ಉಳಿಯುತ್ತಿದ್ದದ್ದು ನೋಹನ ಹಡಗು ಮಾತ್ರ: ಪ್ರಳಯದಲ್ಲಿ ಪ್ರಾಣಿಗಳನ್ನೆಲ್ಲ ಜೋಡಿ ಜೋಡಿಯಾಗಿ ಹತ್ತಿಸಿಕೊಂಡ ಹಡಗಿನ ಮರದ ಮಾದರಿ, ಜೊತೆಗೆ ಮೋಟು ಕಾಲಿನ ಆನೆ, ಬಣ್ಣ ಹೋದ ಹುಲಿ, ನೋಹ, ಅವನ ಸಂಸಾರ. ಬೈಬಲ್ಲಿನಿಂದ ಇಳಿದುಬಂದದ್ದಾದ್ದರಿಂದ ಅದು ಆಟಿಕೆಯಲ್ಲ, ಪಾಠ. ದೇಶದಲ್ಲಿ ಮಡಿವಂತರ ಮನೆ ಎಷ್ಟಿದ್ದವೋ ಅಷ್ಟು ಮನೆಯ ಮಕ್ಕಳೂ ಭಾನುವಾರ ಮಧ್ಯಾಹ್ನ ಅದೇ ಆನೆಯನ್ನು ಅದೇ ಹಡಗಿಗೆ ಹತ್ತಿಸಿ ಇಳಿಸುತ್ತಿದ್ದವು.

ಒಂದು ಭಾನುವಾರ ಈನಕ್ ಅವರು ಮಗಳ ಭಕ್ತಿಯನ್ನು ತಪಾಸಣೆ ಮಾಡಲು ಮಹಡಿ ಹತ್ತಿ ಬಂದರು. ಹಡಗಿನ ಮೇಲೆ, ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿಗೆ ಚಿಂದಿ ಸುತ್ತಿ ಮಾಡಿದ ಒಂದು ಗೊಂಬೆ ನಿಂತಿತ್ತು.

"ಯಾರೇ ಅದು?"

"ನೋಹನ ನಾದಿನಿ, ಅಪ್ಪ."

"ಹಡಗಿನಲ್ಲಿ ಇದ್ದದ್ದು ಎಂಟೇ ಜನ. ನೋಹ, ಅವನ ಹೆಂಡತಿ, ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ನಾದಿನಿ ಅಂತ ಎಲ್ಲೂ ಬರೆದಿಲ್ಲ."

"ಬರೆಯೋಕೆ ಮರೆತಿರ್ತಾರೆ. ಅಷ್ಟೊಂದು ಪ್ರಾಣಿಗಳಿಗೆ ಊಟ ಹಾಕಿದ್ದು ಯಾರು ಮತ್ತೆ? ನೋಹ ಬರೀ ಕಿಟಕಿಯಿಂದ ಪಾರಿವಾಳ ಬಿಡ್ತಿದ್ದ ಅಷ್ಟೆ."

ಫೀಬಿಗೆ ಆ ಸಂಜೆ ಪುಡಿಂಗ್ ಸಿಗಲಿಲ್ಲ. ಕ್ಲಿಪ್ಪಿನ ಗೊಂಬೆಯನ್ನು ಬೆಂಕಿಗೆ ಹಾಕು ಎಂದು ಈನಕ್ ಅವರು ಅಪ್ಪಣೆ ಮಾಡಿದರು. ಡಾರ್ಕಸ್ "ಆಗಲಿ ಭಾವ" ಎಂದು ವಿಧೇಯಳಾಗಿ ಅದನ್ನು ಎತ್ತಿಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ಮುಂದಿನ ಭಾನುವಾರ ನಾದಿನಿ ಹಡಗಿನ ತಳದಲ್ಲಿ, ಹಂದಿಗಳ ಹಿಂದೆ, ಯಾರಿಗೂ ಕಾಣದಂತೆ ಪ್ರಯಾಣ ಮಾಡಿದಳು.

ವರ್ಷಕ್ಕೊಂದು ಸಂಜೆ ಮಾತ್ರ ಡಾರ್ಕಸ್ ಆ ಮನೆಯಲ್ಲಿ ಮುಖ್ಯಳಾಗುತ್ತಿದ್ದಳು. ಅದು ಕ್ರಿಸ್‌ಮಸ್ ಸಂಜೆ. ನಡುಮನೆಯ ಕುರ್ಚಿಗಳನ್ನು ಗೋಡೆಗೆ ಸರಿಸಿ, ಊಟ ಜಾಸ್ತಿಯಾದ ದೊಡ್ಡವರನ್ನೂ ನಿದ್ದೆ ಕಡಿಮೆಯಾದ ಚಿಕ್ಕವರನ್ನೂ ಸೇರಿಸಿ ಆಡಿಸುವುದರಲ್ಲಿ ಅವಳು ಎತ್ತಿದ ಕೈ. ಕಣ್ಣಾಮುಚ್ಚಾಲೆ, ಉರಿಯುವ ಬ್ರಾಂದಿಯಿಂದ ಒಣದ್ರಾಕ್ಷಿ ಹೆಕ್ಕುವ ಆಟ, ಎಲ್ಲಕ್ಕಿಂತ ಮುಖ್ಯವಾಗಿ ಒತ್ತೆಯಾಟ. ಯಾವ ಆಟದಲ್ಲಿ ಸೋತರೂ ಮೈಮೇಲಿನ ಒಂದು ವಸ್ತುವನ್ನು ಒತ್ತೆ ಕೊಡಬೇಕು. ಕೊನೆಯಲ್ಲಿ ಒಬ್ಬರು ಒತ್ತೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ಇನ್ನೊಬ್ಬರು ಮೊಣಕಾಲೂರಿ ಅವರ ಮಡಿಲಲ್ಲಿ ಮುಖ ಮುಚ್ಚಿಕೊಂಡು, ತಲೆಯ ಮೇಲೆ ಎತ್ತಿಹಿಡಿದ ವಸ್ತು ಯಾರದೆಂದು ನೋಡದೆ, ಅದರ ಧಣಿಗೆ ದಂಡ ಹೇಳುತ್ತಾರೆ. "ನಯವೋ, ಅತಿನಯವೋ?" ಎಂದು ಮಾತ್ರ ಕೇಳಬಹುದು. ನಯವೆಂದರೆ ಗಂಡಸರ ವಸ್ತು, ಅತಿನಯವೆಂದರೆ ಹೆಂಗಸರದು.

ಹೋದ ವರ್ಷ ಫೀಬಿಗೆ ಪಾದ್ರಿ ಗ್ಯಾಸ್ಕಿನ್ ಅವರ ಗಡ್ಡಕ್ಕೆ ಮುತ್ತು ಕೊಡುವ ದಂಡ ಬಿದ್ದಿತ್ತು. ಗಡ್ಡದಲ್ಲಿ ಸಾಸಿವೆ ಇದೆ, ಕೊಡುವುದಿಲ್ಲ ಎಂದು ಅವಳು ಹಟ ಹಿಡಿದಳು. ಈನಕ್ ಅವರು ಅವಳನ್ನು ನಡುಮನೆಯ ಮಧ್ಯೆ ನಿಲ್ಲಿಸಿ, ಆಟದಲ್ಲಿ ಕೊಟ್ಟ ಮಾತೂ ಮಾತೇ, ಸಟ್‌ಕ್ಲಿಫ್ ಮನೆತನದಲ್ಲಿ ನಾಲ್ಕು ಜನರ ಎದುರು ಆಡಿದ ಮಾತನ್ನು ಯಾರೂ ಹಿಂದಕ್ಕೆ ತಗೊಂಡಿಲ್ಲ ಎಂದು ಪ್ರವಚನ ಕೊಟ್ಟರು. ಪಾದ್ರಿಗಳಿಗೇ ತೂಕಡಿಕೆ ಬಂತು. ಕೊನೆಗೆ ಫೀಬಿ ಕಣ್ಣು ಮುಚ್ಚಿಕೊಂಡು ಸಾಸಿವೆಗೆ ಮುತ್ತು ಕೊಟ್ಟಳು.

ಈ ವರ್ಷ ಡಿಸೆಂಬರ್ ಮೊದಲಲ್ಲೇ ಸರಿಯಾದ ಏರ್ಪಾಟು ಬಂದೇಬಿಟ್ಟಿತು. ಅದರ ಹೆಸರು ಮಿಸೆಸ್ ಟೆಂಪೆಸ್ಟ್. ಗಂಡ ಸತ್ತವರು, ರೇಷ್ಮೆ ಉಡುವವರು, ಯಾವ ಕೋಣೆಗೆ ಹೋದರೂ ಅಲ್ಲಿನ ಕರ್ಟನ್ ಬದಲಾಯಿಸಬೇಕೆಂದು ಕಂಡುಹಿಡಿಯುವವರು. ಈನಕ್ ಅವರು ಡಾರ್ಕಸ್‌ಳನ್ನು ಓದುವ ಕೋಣೆಗೆ ಕರೆಸಿದರು.

"ಹೊಸ ವರ್ಷ ಕಳೆದ ಮೇಲೆ ಮದುವೆ. ಫೀಬಿಗೆ ಪಾಠಕ್ಕೆ ಒಬ್ಬ ಮೇಡಮ್ ಬರ್ತಾರೆ. ನಿನಗೂ ಒಂದು ಒಳ್ಳೆ ವ್ಯವಸ್ಥೆ ಮಾಡಿದೀನಿ ಡಾರ್ಕಸ್. ವಿಟ್‌ಬಿಯಲ್ಲಿ ಮಿಸೆಸ್ ಟೆಂಪೆಸ್ಟ್ ಅವರ ತಾಯಿ ಒಬ್ಬರೇ ಇದಾರೆ, ಕಿವಿ ಕೇಳಿಸೋದಿಲ್ಲ. ಅವರಿಗೆ ಜೊತೆ ಬೇಕು."

"ಕಿವಿ ಕೇಳದವರಿಗೆ ಜೊತೆ ಯಾಕೆ ಭಾವ? ನಾನು ಮಾತಾಡಿದ್ರೆ ಅವರಿಗೆ ಗೊತ್ತಾಗಲ್ಲ, ಆಡದಿದ್ರೂ ಗೊತ್ತಾಗಲ್ಲ."

"ಸಮುದ್ರದ ಗಾಳಿ ನಿನ್ನ ಮೈಗೂ ಒಳ್ಳೇದು" ಎಂದರು ಈನಕ್ ಅವರು. ಎಂಟು ವರ್ಷದಲ್ಲಿ ಅವಳ ಮೈಯ ಬಗ್ಗೆ ಅವರು ಆಡಿದ ಮೊದಲ ಮಾತು ಅದು. "ಹೊಸ ವರ್ಷದವರೆಗೆ ಮಕ್ಕಳಿಗೆ ಹೇಳಬೇಡ. ಅಳೋದು ಕರೆಯೋದು ಬೇಡ."

ಡಾರ್ಕಸ್ ಅತ್ತದ್ದು ಕಪಾಟಿನ ಬಾಗಿಲ ಹಿಂದೆ, ಮೇಣದ ಗೊಂಬೆಯ ಎದುರು. ಅದಕ್ಕೆ ಕಣ್ಣು ಮುಚ್ಚಲು ಬರುತ್ತಿರಲಿಲ್ಲವಾದ್ದರಿಂದ ಅದು ಎಲ್ಲವನ್ನೂ ನೋಡಿತು. ಆಮೇಲೆ ಮೂಗು ಒರೆಸಿಕೊಂಡು ಯೋಚನೆಗೆ ಕೂತಳು. ಮನೆ ಬಿಟ್ಟು ಹೋಗುವುದು ಅವಳಿಗೆ ಬೇಕಿರಲಿಲ್ಲ. ಬೇಡಿಕೊಂಡರೆ ಭಾವ ಕೇಳುವವರಲ್ಲ, ವಾದಿಸಿದರೆ ಗೆಲ್ಲುವವರೇ ಅವರು. ಆದರೆ ನಾಲ್ಕು ಜನರ ಎದುರು ಆಡಿದ ಮಾತನ್ನು ಅವರು ಹಿಂದಕ್ಕೆ ತಗೊಳ್ಳುವುದಿಲ್ಲ, ಹಾಗಂತ ಸ್ವತಃ ಪ್ರವಚನ ಕೊಟ್ಟಿದ್ದಾರೆ. ಕ್ರಿಸ್‌ಮಸ್ ಸಂಜೆ ದಂಡ ಹೇಳುವುದು ಪ್ರತಿವರ್ಷವೂ ಅವಳೇ. ಅವರ ಒತ್ತೆ ಬಂದಾಗ ಸರಿಯಾದ ದಂಡ ಹೇಳಿದರೆ ಸಾಕು.

ಅವರನ್ನು ಸೋಲಿಸುವುದಂತೂ ಕಷ್ಟವೇ ಅಲ್ಲ. ನೆಲ-ನೀರು-ಗಾಳಿ-ಬೆಂಕಿ ಎಂಬ ಆಟವೊಂದಿದೆ. ಗಂಟು ಹಾಕಿದ ಕರ್ಚೀಫನ್ನು ಒಬ್ಬರ ಮೇಲೆ ಎಸೆದು "ನೀರು" ಎಂದರೆ, ಹತ್ತು ಎಣಿಸುವುದರೊಳಗೆ ಅವರು ನೀರಿನ ಒಂದು ಪ್ರಾಣಿಯ ಹೆಸರು ಹೇಳಬೇಕು. "ಬೆಂಕಿ" ಎಂದರೆ ಮಾತ್ರ ಬಾಯಿ ಬಿಡಕೂಡದು. ಕ್ರಿಸ್‌ಮಸ್ ಸಂಜೆ ಡಾರ್ಕಸ್ ಕರ್ಚೀಫನ್ನು ಗುರಿಯಿಟ್ಟು ಭಾವನ ಹೊಟ್ಟೆಗೆ ಎಸೆದಳು.

"ಬೆಂಕಿ!"

"ಬೆಂಕೀಲಿ ಯಾವ ಪ್ರಾಣಿ ಬದುಕುತ್ತೆ? ಅರ್ಥವಿಲ್ಲದ ಪ್ರಶ್ನೆ. ಹೋದ ವರ್ಷವೂ ನಾನು ಇದನ್ನೇ..."

ಎಲ್ಲರೂ ಹೋ ಎಂದು ಕೂಗಿದರು. ಬಾಯಿ ಮುಚ್ಚಿಕೊಂಡಿರಬೇಕಾದ ಆಟದಲ್ಲಿ ಈನಕ್ ಅವರು ಗೆದ್ದ ದಾಖಲೆಯೇ ಇರಲಿಲ್ಲ. ಅವರ ಬೆಳ್ಳಿ ಪೆನ್ಸಿಲ್ ಒತ್ತೆಗಳ ರಾಶಿಗೆ ಬಿತ್ತು. ಡಾರ್ಕಸ್‌ಗೆ ಅದರ ಮೇಲೇ ಕಣ್ಣು. ಅಷ್ಟರಲ್ಲಿ ಕರ್ಚೀಫು ಬಂದು ಅವಳ ಕೆನ್ನೆಗೇ ಬಡಿಯಿತು.

"ನೀರು, ಚಿಕ್ಕಮ್ಮ! ನೀರು!" ಫೀಬಿ ಕುಣಿಯುತ್ತ ಎಣಿಸತೊಡಗಿದಳು.

ನೀರೆಂದರೆ ಸಮುದ್ರ, ಸಮುದ್ರವೆಂದರೆ ಡಾರ್ಕಸ್‌ಳ ತಲೆಯಲ್ಲಿ ಮೂರು ವಾರದಿಂದ ಒಂದೇ ಒಂದು. "ವಿಟ್‌ಬಿ" ಎಂದುಬಿಟ್ಟಳು.

"ಅದು ಊರು, ಪ್ರಾಣಿಯಲ್ಲ" ಎಂದು ಮಿಸೆಸ್ ಟೆಂಪೆಸ್ಟ್ ಮಧುರವಾಗಿ ನಕ್ಕರು. ಡಾರ್ಕಸ್ ಹೊಲಿಯುವಾಗ ತೊಡುವ ಬೆರಳ ಟೋಪಿ ಮೊದಲ ಆಟದಲ್ಲೇ ಒತ್ತೆ ಹೋಗಿತ್ತು. ಜೇಬಿಗೆ ಕೈಹಾಕಿ ಸಿಕ್ಕಿದ್ದನ್ನು ತೆಗೆದು ಕೊಟ್ಟಳು. ಅದು ಅವಳ ಅಪ್ಪನ ನಶ್ಯದ ಡಬ್ಬಿ; ಅದರಲ್ಲಿ ಅವಳು ಗುಂಡುಪಿನ್ನು ಇಟ್ಟುಕೊಳ್ಳುತ್ತಿದ್ದಳು. ಕೊಟ್ಟ ಮರುಕ್ಷಣವೇ ಮರೆತಳು. ಅವಳ ಧ್ಯಾನವೆಲ್ಲ ಪೆನ್ಸಿಲ್ಲಿನ ಮೇಲೆ.

ಒತ್ತೆಗಳನ್ನು ಮಡಿಲಲ್ಲಿಟ್ಟುಕೊಳ್ಳುವ ಗೌರವ ಮುಂದಿನ ಮನೆಯೊಡತಿಗೇ ಸಂದಿತು. ಹೀಗಾಗಿ ಡಾರ್ಕಸ್ ತನ್ನನ್ನು ಮನೆಯಿಂದ ಓಡಿಸುತ್ತಿರುವವರ ಮುಂದೆಯೇ ಮೊಣಕಾಲೂರಿ, ಅವರ ರೇಷ್ಮೆಯಲ್ಲೇ ಮೂಗು ಹುದುಗಿಸಬೇಕಾಯಿತು. ರೇಷ್ಮೆಗೆ ಲ್ಯಾವೆಂಡರಿನ ವಾಸನೆಯಿತ್ತು, ಚೆನ್ನಾಗಿಯೇ ಇತ್ತು.

"ಒಂದು ವಸ್ತು ಇದೆ, ಚೆಂದದ ವಸ್ತು, ಇದರ ಧಣಿ ಏನು ಮಾಡಬೇಕು?"

"ನಯವೋ, ಅತಿನಯವೋ?"

"ನಯ."

ಗಂಡಸರು ಮೂವರಿದ್ದರು, ಇದು ಯಾರದೋ ಏನೋ; ಯಾವುದಕ್ಕೂ ಇರಲಿ ಎಂದು ಡಾರ್ಕಸ್ ಹಗುರದ ದಂಡ ಹೇಳಿದಳು: ಬೆಕ್ಕಿಗೆ ನಮಸ್ಕಾರ ಮಾಡಿ ಕ್ಷಮೆ ಕೇಳಬೇಕು. ಪಾದ್ರಿ ಗ್ಯಾಸ್ಕಿನ್ ಅವರು ಏದುಸಿರು ಬಿಡುತ್ತ ಮಂಡಿಯೂರುವುದು ಕೇಳಿಸಿತು. ಆಮೇಲೆ ಒಂದೆರಡು ಅತಿನಯ. ಮತ್ತೊಂದು ನಯ, ಅದು ಫೀಬಿಯ ಅಣ್ಣ ಹ್ಯೂಬರ್ಟ್‌ನ ಚಾಕು. ಅವನು ಬೋರ್ಡಿಂಗ್ ಶಾಲೆಯಲ್ಲಿ ಕಲಿತ ಬಿಗುಮಾನವನ್ನೆಲ್ಲ ಬಿಟ್ಟು ಕೋಳಿಯಂತೆ ಕೂಗಿದ. ಗಂಡಸರಲ್ಲಿ ಇನ್ನು ಉಳಿದವರು ಭಾವ ಒಬ್ಬರೇ. ಡಾರ್ಕಸ್ ರೇಷ್ಮೆಯೊಳಗೇ ತನ್ನ ಪಾಠವನ್ನು ಇನ್ನೊಮ್ಮೆ ಹೇಳಿಕೊಂಡಳು.

"ಒಂದು ವಸ್ತು ಇದೆ, ಚೆಂದದ ವಸ್ತು..."

"ನಯವೋ, ಅತಿನಯವೋ?"

"ಉಂ... ನಯ."

ಡಾರ್ಕಸ್ ಮೂರು ವಾರದಿಂದ ಬಾಯಿಪಾಠ ಮಾಡಿದ್ದನ್ನು ಗಟ್ಟಿಯಾಗಿ ಹೇಳಿದಳು. "ಈ ಮನೇಲಿ ಯಾರಿಲ್ಲದಿದ್ರೆ ತನಗೆ ನಡೆಯೋದೇ ಇಲ್ವೋ ಅವರ ಹೆಸರನ್ನ ಇದರ ಧಣಿ ಎಲ್ಲರ ಎದುರು ಹೇಳಬೇಕು. ನಿಜ ಹೇಳಬೇಕು. ಅವರನ್ನ ಬಿಟ್ಟು ಇರೋದಿಲ್ಲ ಅಂತ ಮಾತು ಕೊಡಬೇಕು."

ಎಂಟು ವರ್ಷ ಅಂಗಿಗೆ ಗುಂಡಿ ಹೊಲಿದವಳ ಹೆಸರನ್ನು ಪಾದ್ರಿಗಳ ಎದುರಾದರೂ ಭಾವ ಹೇಳದೆ ಇರುತ್ತಾರೆಯೇ? ಅವಳು ತಲೆಯೆತ್ತಿದಳು. ಮಿಸೆಸ್ ಟೆಂಪೆಸ್ಟ್ ಅವರ ಬೆರಳಿನಲ್ಲಿ ಅಪ್ಪನ ನಶ್ಯದ ಡಬ್ಬಿ ಹೊಳೆಯುತ್ತಿತ್ತು. ನಶ್ಯದ ಡಬ್ಬಿಯೆಂದರೆ ಗಂಡಸರ ವಸ್ತುವೇ ಎಂದು ಅವರು ತೀರ್ಮಾನಿಸಿದ್ದರು.

ನಡುಮನೆಯೆಲ್ಲ ನಗೆಯೋ ನಗೆ. ತನಗೆ ತಾನೇ ದಂಡ ಹೇಳಿಕೊಂಡದ್ದಕ್ಕಿಂತ ದೊಡ್ಡ ತಮಾಷೆ ಒತ್ತೆಯಾಟದಲ್ಲಿ ಇಲ್ಲ. ಈನಕ್ ಅವರು ಎಲ್ಲರಿಗಿಂತ ಜೋರಾಗಿ ನಕ್ಕರು.

"ಹೇಳು ಡಾರ್ಕಸ್, ಹೇಳು. ಆಟದಲ್ಲಿ ತಪ್ಪಿಸ್ಕೊಳ್ಳೋ ಹಾಗಿಲ್ಲ."

ಅವಳು ಎದ್ದು ನಿಂತಳು. ಮೊಣಕಾಲು ನೋಯುತ್ತಿತ್ತು. ಈ ಮನೆಯಲ್ಲಿ ಎಲ್ಲರಿಗೂ ಬೇಕಾದವಳಾಗಿರುವುದೇ ಅವಳ ಉದ್ಯೋಗ. ತನಗೆ ಯಾರು ಬೇಕೆಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಬೆಂಕಿಗೂಡನ್ನು ನೋಡಿದಳು, ಕುರ್ಚಿಗಳನ್ನು ನೋಡಿದಳು. ಇದನ್ನೆಲ್ಲ ಬಿಟ್ಟುಹೋಗಲಾರೆ ಎಂದುಕೊಂಡಿದ್ದಳು. ನೋಡಿದರೆ, ಸುಲಭವಾಗಿ ಬಿಟ್ಟುಹೋಗಬಹುದಿತ್ತು. ಬಿಡಲಾಗದ್ದು ಒಂದೇ, ಅದು ಬಾಯ್ತುಂಬ ಒಣದ್ರಾಕ್ಷಿ ತುಂಬಿಕೊಂಡು ಎದುರಿಗೆ ನಿಂತಿತ್ತು.

"ಫೀಬಿ" ಎಂದಳು. "ಅವಳನ್ನ ಬಿಟ್ಟು ನಾನು ಇರೋದಿಲ್ಲ."

"ಹಾಗಾದ್ರೆ ಆ ವಿಟ್‌ಬಿ ಕತೆ ಏನಾಯ್ತು ಈನಕ್?" ಎಂದರು ಪಾದ್ರಿಗಳು. ಬ್ರಾಂದಿ ಬರೀ ಒಣದ್ರಾಕ್ಷಿಯ ತಟ್ಟೆಗಷ್ಟೇ ಹೋಗಿರಲಿಲ್ಲ.

"ವಿಟ್‌ಬಿ ಏನು?" ಫೀಬಿ ದ್ರಾಕ್ಷಿ ನುಂಗಿದಳು. "ಚಿಕ್ಕಮ್ಮ ವಿಟ್‌ಬಿಗೆ ಹೋಗ್ತಾರಾ? ನಾನಿಲ್ದೆ ಹೋಗೋ ಹಾಗಿಲ್ಲ. ಈಗ ತಾನೆ ಮಾತು ಕೊಟ್ರು. ಆಟದಲ್ಲಿ ಕೊಟ್ಟ ಮಾತೂ ಮಾತೇ ಅಂತ ಅಪ್ಪಾನೇ ಹೇಳಿದ್ದು, ಅವತ್ತು ಗಡ್ಡದ ದಿನ."

ಎಲ್ಲರೂ ಈನಕ್ ಅವರ ಕಡೆ ತಿರುಗಿದರು. ಡಾರ್ಕಸ್‌ಳ ಕೆನ್ನೆ ಬಿಸಿಯಾಯಿತು. ಪೆನ್ಸಿಲ್ ಕೈಕೊಟ್ಟರೂ ಡಬ್ಬಿ ಕೈಹಿಡಿಯಿತಲ್ಲ! ಮಗಳನ್ನು ಕಳಿಸುವಂತಿಲ್ಲ, ಮಾತನ್ನು ಮುರಿಸುವಂತಿಲ್ಲ. ಹಾಗಾದರೆ ಡಾರ್ಕಸ್ ಇಲ್ಲೇ ಇರಲಿ ಎನ್ನದೆ ಭಾವನಿಗೆ ಬೇರೆ ದಾರಿಯೇ ಇಲ್ಲ. ಅವಳು ಕಾದಳು.

ಈನಕ್ ಅವರು ಮಿಸೆಸ್ ಟೆಂಪೆಸ್ಟ್ ಅವರನ್ನು ನೋಡಿದರು. ಮಿಸೆಸ್ ಟೆಂಪೆಸ್ಟ್ ಅವರು ಫೀಬಿಯನ್ನು ನೋಡಿದರು, ಕರ್ಟನ್ ನೋಡುವಂತೆ. ಇಬ್ಬರ ಮುಖವೂ ಒಟ್ಟಿಗೇ ಹಗುರಾಯಿತು.

"ಅದಕ್ಕೇನಂತೆ! ಫೀಬಿಯೂ ಹೋಗಲಿ" ಎಂದರು ಈನಕ್ ಅವರು. "ಸಮುದ್ರದ ಗಾಳಿ ಮಗುವಿಗೂ ಒಳ್ಳೇದು."

ಆಟದಲ್ಲಿ ಒಂದು ಮೀನಿನ ಹೆಸರು ಹೇಳುವುದಕ್ಕೆ ಕೊಡುವಷ್ಟು ಹೊತ್ತೂ ಅವರಿಗೆ ಹಿಡಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಫೀಬಿ ಓಡಿಬಂದು ಡಾರ್ಕಸ್‌ಳ ಸೊಂಟ ತಬ್ಬಿಕೊಂಡಳು. ಡಾರ್ಕಸ್‌ಗೆ ಜೀವನದಲ್ಲಿ ಎಂದೂ ಆಗದಷ್ಟು ಸಂತೋಷವಾಯಿತು, ಆ ಸಂತೋಷದ ಜೊತೆಗೇ ಭಾವನನ್ನು ಹಿಡಿದು ಅಲ್ಲಾಡಿಸಬೇಕೆನ್ನುವಷ್ಟು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಮತ್ತೆ ಮೊಣಕಾಲೂರಿದಳು; ಒತ್ತೆಗಳು ಇನ್ನೂ ಉಳಿದಿದ್ದವು.

ಮುಂದಿನದು ಬೆಳ್ಳಿ ಪೆನ್ಸಿಲ್. ಬಾಯಿಪಾಠ ಮಾಡಿದ್ದು ಖರ್ಚಾಗಿಹೋಗಿತ್ತು. ಎಲ್ಲರಿಗೂ ಗೊತ್ತಿರುವ ಹಳೆಯ ದಂಡವನ್ನೇ ಹೇಳಿದಳು: ಒಂದು ಮೂಲೆಯಲ್ಲಿ ನಗಬೇಕು, ಒಂದರಲ್ಲಿ ಹಾಡಬೇಕು, ಒಂದರಲ್ಲಿ ಕುಣಿಯಬೇಕು, ಒಂದರಲ್ಲಿ ಅಳಬೇಕು. ಈನಕ್ ಅವರು ನಕ್ಕರು, ಪ್ರಾರ್ಥನಾಗೀತೆಯ ಒಂದು ಸಾಲು ಹಾಡಿದರು, ಎರಡು ಹೆಜ್ಜೆ ಕುಣಿದರು. ನಾಲ್ಕನೆಯ ಮೂಲೆಯಲ್ಲಿ ಮುಖ ಕಿವುಚಿ, ಮೂಗು ಹಿಂಡಿ, ಎಷ್ಟು ಪ್ರಯತ್ನಪಟ್ಟರೂ ಅಳು ಬರಲಿಲ್ಲ. ಇಷ್ಟು ಸಾಕು ಎಂದು ಮಿಸೆಸ್ ಟೆಂಪೆಸ್ಟ್ ಅವರು ಪೆನ್ಸಿಲ್ ವಾಪಸು ಕೊಟ್ಟರು.

ಹೊಸ ವರ್ಷ ಕಳೆದ ಮೇಲೆ ಅವರಿಬ್ಬರೂ ವಿಟ್‌ಬಿಗೆ ಹೊರಟರು. ಮೇಣದ ಗೊಂಬೆಯನ್ನು ಕೊಡಲು ಮಿಸೆಸ್ ಟೆಂಪೆಸ್ಟ್ ಅವರಿಗೆ ಮನಸ್ಸಾಗಲಿಲ್ಲ, ಫೀಬಿಗೆ ಕೇಳಲು ಮನಸ್ಸಾಗಲಿಲ್ಲ. ನೋಹನ ಹಡಗನ್ನು ಮಾತ್ರ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ರೈಲು ಹತ್ತಿದಳು. ಬೀಳ್ಕೊಡಲು ಈನಕ್ ಅವರು ಸ್ಟೇಷನ್ನಿಗೆ ಬರುವವರಿದ್ದರು. ಆದರೆ ಆ ದಿನ ಉಣ್ಣೆ ಮಾರುಕಟ್ಟೆಯಿತ್ತು.

ವಿಟ್‌ಬಿಯ ಮುದುಕಿ ಒಳ್ಳೆಯವರೇ. ಕಡ್ಡಿ ಹೆಕ್ಕುವ ಆಟದಲ್ಲಿ ಮೋಸ ಮಾಡುತ್ತಿದ್ದರು, ಸಿಕ್ಕಿಬಿದ್ದರೆ ಕಿವಿ ಕೇಳಿಸುವುದಿಲ್ಲ ಎನ್ನುತ್ತಿದ್ದರು. ಮೊದಲ ಭಾನುವಾರ ಚರ್ಚಿನಿಂದ ಬಂದವರೇ ಕುರಿಮಾಂಸ ಉಂಡು ಕುರ್ಚಿಯಲ್ಲೇ ಗೊರಕೆ ಹೊಡೆದರು. ಹೊರಗೆ ಕಡಲಕಾಗೆಗಳು ಕಿರುಚುತ್ತಿದ್ದವು. ಫೀಬಿ ಕಂಬಳಿಯ ಮೇಲೆ ಪ್ರಾಣಿಗಳನ್ನು ಜೋಡಿಸುತ್ತಿದ್ದಳು, ಡಾರ್ಕಸ್ ಮೋಟು ಆನೆಗೆ ಕಡ್ಡಿಯ ಕಾಲೊಂದನ್ನು ಅಂಟಿಸಿ ಒತ್ತಿ ಹಿಡಿದಿದ್ದಳು.

"ಚಿಕ್ಕಮ್ಮ, ಅವತ್ತು ನಿಮ್ಮ ಡಬ್ಬಿ ಬದಲು ಅಪ್ಪನ ಪೆನ್ಸಿಲ್ ಬಂದಿದ್ರೆ, ಅಪ್ಪ ಯಾರ ಹೆಸರು ಹೇಳ್ತಿದ್ರು?"

ಡಾರ್ಕಸ್ ಆನೆಯ ಕಾಲಿನಿಂದ ಕಣ್ಣೆತ್ತಲಿಲ್ಲ. "ನಿನ್ನ ಹೆಸರೇ ಕಣೇ. ಇನ್ಯಾರ ಹೆಸರು ಹೇಳ್ತಾರೆ?"

"ಆಟದ ಮೇಲೆ ಆಣೆ ಇಟ್ಟು ಹೇಳಿ. ಒತ್ತೆ ಇಟ್ಟು ಹೇಳಿ."

ಒತ್ತೆಯಾಟದಲ್ಲಿ ಸುಳ್ಳು ಹೇಳಿದವರನ್ನು ಮುಂದಿನ ವರ್ಷ ಆಟಕ್ಕೆ ಸೇರಿಸಬಾರದು. ಆ ನಿಯಮವನ್ನು ಫೀಬಿಗೆ ಕಲಿಸಿದವಳೇ ಡಾರ್ಕಸ್. ನಶ್ಯದ ಡಬ್ಬಿ ಜೇಬಿನಲ್ಲಿ ಭಾರವಾಗಿ ಕೂತಿತ್ತು. ಎಂಟು ವರ್ಷ ಒಳಗೊಳಗೇ ನಗಾಡಿದ್ದ ಭಾವನ ಕಟ್ಟಳೆಯೊಂದು ಆಗ ಅವಳ ಕೈಗೆ ಸಿಕ್ಕಿತು.

"ಇವತ್ತು ಭಾನುವಾರ ಕಣೇ" ಎಂದಳು. "ಭಾನುವಾರ ಆಟ ಆಡಬಾರದು."

ಫೀಬಿ ಅವಳ ಮುಖವನ್ನೇ ನೋಡಿದಳು. ನೋಹನನ್ನು ಎತ್ತಿ ಶಾಲಿನ ಕೆಳಗೆ ಮಲಗಿಸಿದಳು. ಹಂದಿಗಳ ಹಿಂದೆ ಕೈಹಾಕಿ ಕ್ಲಿಪ್ಪಿನ ಗೊಂಬೆಯನ್ನು ಹೊರಗೆ ತೆಗೆದು, ಚಿಂದಿಯನ್ನು ಸರಿಮಾಡಿ, ಹಡಗಿನ ಬಾಗಿಲಲ್ಲಿ ನಿಲ್ಲಿಸಿದಳು.